ಗಂಜಾಮಿನ ದೊಡ್ಡಸ್ವಾಮಿಗೊಂದು ರಂಗಸ್ಥಳ

ಸುಗ್ಗಿ ಮುಗಿದು, ಕಣದ ಕೆಲಸ ತೀರಿ, ಕಬ್ಬಿನ ಗದ್ದೆಗಳು ರೈತನಿಗೆ ಅಷ್ಟಿಷ್ಟು ಬಿಡುವು ಕೊಟ್ಟ ಮೇಲೆ, ಮದ್ದೂರು ಮಳವಳ್ಳಿಗಳ ಸೀಮೆಯಲ್ಲಿ ಊರಿಗೊಂದರಂತೆ ಪೌರಾಣಿಕ ನಾಟಕಗಳು ಮೇಲೇಳತೊಡಗುವುವು. ನಮ್ಮ ಬೆಸಗರಹಳ್ಳಿಯ ಸುತ್ತಿನಲ್ಲಿಯೂ ಇದೇ ರೂಢಿ. ಹಾರ್ಮೋನಿಯಂ ಮೇಷ್ಟ್ರು ಬಂದು ರಾತ್ರಿಯ ಹೊತ್ತು ಪ್ರಾಕ್ಟೀಸು ಮಾಡಿಸುವರು. ಬಾಡಿಗೆಯ ಸೀನರಿಯೂ ಉಡುಪುಗಳೂ ಲಾರಿಯಲ್ಲಿ ಬಂದಿಳಿಯುವುವು. ದುರ್ಯೋಧನನ ಪಾರ್ಟು ಯಾರದು, ಕೃಷ್ಣನ ಪಾರ್ಟು ಯಾರದು ಎಂಬುದು ಕಂಠದ ಬಲದಿಂದಲೂ, ಅದಕ್ಕಿಂತ ಹೆಚ್ಚಾಗಿ, ಕೈಯಿಂದ ಹಾಕುವ ಹಣದ ಬಲದಿಂದಲೂ ತೀರ್ಮಾನವಾಗುವುದು. ಹಗಲೆಲ್ಲ ಗದ್ದೆಗೆ ನೀರು ಕಟ್ಟಿದವನು ರಾತ್ರಿ ಕಿರೀಟವಿಟ್ಟು ಕಂದಪದ್ಯವನ್ನು ಒಂದಕ್ಷರವೂ ಜಾರದಂತೆ ಹಾಡುವುದನ್ನೂ, ಕೆಳಗಿನಿಂದ ಯಾರಾದರೂ ಒನ್ಸ್ ಮೋರ್ ಎಂದು ಕೂಗಿದರೆ ಕುರುಕ್ಷೇತ್ರದ ಯುದ್ಧವನ್ನೇ ತಡೆದು ನಿಲ್ಲಿಸಿ ಅದೇ ಪದ್ಯವನ್ನು ಮತ್ತೊಮ್ಮೆ ಎತ್ತಿಕೊಳ್ಳುವುದನ್ನೂ ಕಂಡವರಿಗೆ, ಈ ಜನಕ್ಕೆ ಗ್ರಾಂಥಿಕ ಭಾಷೆ ಭಾರವಾದೀತೆಂದು ಹೇಳುವ ಧೈರ್ಯ ಬಾರದು.

ಇಂಥ ರಂಗಸ್ಥಳವು ಗದೆ ಹಿಡಿದವನ ಕಥೆಯನ್ನಲ್ಲದೆ ಲೇಖನಿ ಹಿಡಿದವನ ಕಥೆಯನ್ನೂ ಹೊರಬಲ್ಲುದೆ? ಹೊರಬಲ್ಲುದೆಂದೇ ನನ್ನ ಅಭಿಪ್ರಾಯ. ಆ ಕಥೆಯ ನಾಯಕನಿಗಾಗಿ ನಾವು ಜಿಲ್ಲೆಯ ಗಡಿಯನ್ನು ದಾಟಬೇಕಾದ ಅಗತ್ಯವೂ ಇಲ್ಲ. ಬೈಬಲ್ಲನ್ನು ಭಾರತದ ದೇಶಭಾಷೆಗಳಿಗೆ ತರುವ ಮಹೋದ್ಯಮವು ಭರದಿಂದ ಸಾಗಿದ್ದ ಕಾಲದಲ್ಲಿ, ಅದು ವ್ಯರ್ಥವೆಂದೂ, ವ್ಯರ್ಥವಷ್ಟೇ ಅಲ್ಲದೆ ಹಾನಿಕರವೆಂದೂ ಬಹಿರಂಗವಾಗಿ ಸಾರಿ, ಭಾಷಾಂತರಕ್ಕಾಗಿ ಬಾಳನ್ನು ತೇದ ಮಿಷನರಿಗಳ ಕೋಪಕ್ಕೆ ಗುರಿಯಾದ ಕ್ರೈಸ್ತ ಪಂಡಿತನೊಬ್ಬನು ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ನೆಲೆಸಿದ್ದನು. ಭಾಷಾಂತರ ಮಾಡಿದವನ ಏಕಾಂತ ತಪಸ್ಸಿಗಿಂತ, ಮಾಡಿದವನಿಗೂ ಮಾಡಕೂಡದೆಂದವನಿಗೂ ನಡುವಣ ಜಗಳವೇ ನಾಟಕಕ್ಕೆ ಒದಗುವ ವಸ್ತುವೆಂಬುದು ನನ್ನ ವಾದ.

ವಿದ್ವಾಂಸನನ್ನು ರಂಗಕ್ಕೆ ತರಬಯಸುವವರಿಗೆ ಚಿತ್ರಕಲೆಯ ಕಡೆಯಿಂದ ಹಳೆಯದೊಂದು ಎಚ್ಚರಿಕೆಯುಂಟು. ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮನು, 382ರ ಸುಮಾರಿಗೆ ಪೋಪ್ ಡಮಾಸಸ್ಸನು ವಹಿಸಿದ ಪರಿಷ್ಕರಣದ ಕೆಲಸವನ್ನು ಕೈಗೊಂಡು, ಮುಂದೆ ಬೇತ್ಲೆಹೇಮಿನಲ್ಲಿ ನೆಲೆನಿಂತು, 420ರಲ್ಲಿ ತೀರಿಕೊಳ್ಳುವವರೆಗೂ ಪುಸ್ತಕಗಳ ನಡುವೆಯೇ ಬಾಳಿದವನು. ಯೂರೋಪಿನ ಚಿತ್ರಕಾರರಿಗೆ ಅವನು ಬಲು ಪ್ರಿಯನಾದ ವಸ್ತು. ಆದರೆ ಬರಿಯ ಬರೆಹಗಾರನನ್ನು ಯಾರು ನಿಂತು ನೋಡಿಯಾರು ಎಂಬ ಅಳುಕಿನಿಂದಲೋ ಏನೋ, ಅವರು ಅವನ ಮೇಜಿನ ಬಳಿ ತಲೆಬುರುಡೆಯೊಂದನ್ನಿರಿಸಿದರು, ಕಾಲ ದೆಸೆಯಲ್ಲಿ ಸಿಂಹವೊಂದನ್ನು ಮಲಗಿಸಿದರು. 1514ರಲ್ಲಿ ಡ್ಯೂರರನು ಕೊರೆದ ಪ್ರಸಿದ್ಧವಾದ ಚಿತ್ರದಲ್ಲಿ ಸಂತನಿಗಿಂತ ಮೊದಲು ಕಣ್ಣಿಗೆ ಬೀಳುವುದು ಆ ಸಿಂಹವೇ. ಅದಾದರೂ ಜೆರೋಮನ ಸೊತ್ತಲ್ಲ; ಗೆರಾಸಿಮಸ್ ಎಂಬ ಬೇರೊಬ್ಬ ತಪಸ್ವಿಯ ಕಥೆಯಿಂದ, ಹೆಸರಿನ ಸಾಮ್ಯದ ದೆಸೆಯಿಂದ, ದಾರಿ ತಪ್ಪಿ ಬಂದದ್ದು. ಪ್ರಾಚೀನ ರೋಮಿನ ಸೊಗಸಾದ ಗದ್ಯದ ಮೋಹವನ್ನು ಬಿಡಲಾರದೆ, ಕನಸಿನಲ್ಲಿ ದೈವದ ನ್ಯಾಯಾಸನದ ಮುಂದೆ ನಿಂತು, ನೀನು ಕ್ರಿಸ್ತನವನಲ್ಲ ಸಿಸೆರೋವಿನವನು ಎಂಬ ಆರೋಪವನ್ನು ಕೇಳಿ ನಡುಗಿದ್ದು, ಹೀಬ್ರೂ ಪಾಠಕ್ಕಾಗಿ ಯೆಹೂದಿ ಗುರುವೊಬ್ಬನು ತನ್ನವರ ಕಣ್ಣಿಗೆ ಬೀಳದಂತೆ ರಾತ್ರಿಯ ವೇಳೆ ಅವನಲ್ಲಿಗೆ ಬಂದುಹೋಗುತ್ತಿದ್ದುದು, ಇವುಗಳನ್ನೆಲ್ಲ ಬಿಟ್ಟು ಸಿಂಹವನ್ನು ಹಿಡಿದುಕೊಂಡದ್ದು ಕಲಾವಿದರ ದೌರ್ಬಲ್ಯ. ಪ್ರಾಣಿಯ ಪರಾಕ್ರಮವೆಂದರೆ ನಮಗೂ ಹೊಸತಲ್ಲವೆನ್ನಿ. ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಗೆ ಹತ್ತನೆಯ ಶತಮಾನದಲ್ಲಿಯೇ ಕಲ್ಲು ನಿಲ್ಲಿಸಿದ ಆತಕೂರು ನಮ್ಮ ಮದ್ದೂರು ತಾಲ್ಲೂಕಿನದೇ. ಆದರೆ ಆ ಕಲ್ಲಿನಲ್ಲಿ ನಾಯಿಯೇ ನಾಯಕ. ಪಂಡಿತನ ನಾಟಕದಲ್ಲಿ ಸಿಂಹಕ್ಕೆ ಆ ಪಟ್ಟ ಸಲ್ಲದು.

ಕನ್ನಡಕ್ಕೆ ಬೈಬಲ್ಲನ್ನು ತಂದವರ ವಿಷಯದಲ್ಲಿಯೂ ಸಿಂಹವನ್ನು ಹುಡುಕುವ ಚಾಪಲ್ಯ ಬರುವುದು ಸಹಜ. 1812ರ ಮಾರ್ಚ್ ತಿಂಗಳಲ್ಲಿ ಬಂಗಾಳದ ಸೇರಾಂಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ವಿಲಿಯಂ ಕೇರಿ ಮತ್ತು ಅವನ ಸಂಗಡಿಗರು ಕೂಡಿಟ್ಟಿದ್ದ ನಾನಾ ಭಾಷೆಗಳ ಅಚ್ಚುಮೊಳೆಗಳೂ ಹಸ್ತಪ್ರತಿಗಳೂ ಬೂದಿಯಾದ ಪ್ರಸಂಗವು ಎಂಥ ನಾಟಕಕಾರನನ್ನಾದರೂ ಕೈಮಾಡಿ ಕರೆಯದಿರದು. ಆದರೆ ಬೆಂಕಿ ಕರ್ಮಫಲವೂ ಅಲ್ಲ, ಚಾರಿತ್ರ್ಯವೂ ಅಲ್ಲ. ಅದು ಬರಿಯ ಬೆಂಕಿ. ಇನ್ನು ಕೆಲವರು ಕಿಟ್ಟೆಲರ ಹೆಸರನ್ನೆತ್ತುವರು. 1894ರಲ್ಲಿ ಮಂಗಳೂರಿನಿಂದ ಹೊರಬಿದ್ದ ಆ ಮಹಾನಿಘಂಟಿನ ಋಣ ಕನ್ನಡದಲ್ಲಿ ಬರೆಯುವ ಪ್ರತಿಯೊಬ್ಬನ ಮೇಲೂ ಉಂಟು. ಕ್ರಿಸ್ತನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿದ ‘ಕಥಾಮಾಲೆ’ಯನ್ನು 1862ರಲ್ಲಿಯೇ ಪ್ರಕಟಿಸಿದ ರಸಿಕರು ಅವರು. ಆದರೆ ಅವರ ಹೆಸರು ಈಗಾಗಲೇ ಬೆಂಗಳೂರಿನಲ್ಲಿ ಪ್ರತಿಮೆಯಾಗಿ ನಿಂತಿದೆ. ಪ್ರತಿಮೆಯಾದವರನ್ನು ರಂಗದ ಮೇಲೆ ತಂದರೆ ಹೂವಿನ ಹಾರ ಹಾಕುವುದರ ಹೊರತು ನಟರಿಗೆ ಮಾಡಲು ಕೆಲಸವಿರುವುದಿಲ್ಲ.

ನಿಜವಾದ ಭಾಷಾಂತರದ ಕೆಲಸ ನಡೆದದ್ದು, ಆಗ ಮದರಾಸಿನ ಆಡಳಿತಕ್ಕೆ ಸೇರಿದ್ದ ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು 1810ರಲ್ಲಿ ಅಲ್ಲಿಗೆ ಬಂದು ಕನ್ನಡವನ್ನು ಕಲಿತು, ವಿಲಿಯಂ ರೀವನ ನೆರವಿನೊಡನೆ ದುಡಿದು, 1831ರ ಹೊತ್ತಿಗೆ ಸಮಗ್ರವಾದ ಕನ್ನಡ ಬೈಬಲ್ಲನ್ನು ಓದುಗರ ಕೈಗಿತ್ತನು. ಒಂದು ಇಡೀ ಯೌವನವನ್ನು ನುಂಗಿದ ಕೆಲಸವದು. ಆಮೇಲೆ ಬಂದ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮುಂತಾದವರು ಅದನ್ನು ತಿದ್ದಿದರು. ಬೆಂಗಳೂರಿನಲ್ಲಿದ್ದ ಬೆಂಜಮಿನ್ ರೈಸನೂ ಪರಿಷ್ಕರಣಕ್ಕೆ ಕೈಹಾಕಿದನು. ನಮ್ಮ ಶಾಸನಗಳನ್ನು ಊರೂರಲೆದು ಸಂಗ್ರಹಿಸಿದ ಬಿ. ಎಲ್. ರೈಸರ ತಂದೆ ಇವನೇ ಎಂಬುದು ಅನೇಕರಿಗೆ ಮರೆತುಹೋಗಿದೆ. ಮಂಡ್ಯ ಮಳವಳ್ಳಿಗಳ ಶಾಸನಗಳನ್ನು ಪುಸ್ತಕದಲ್ಲಿ ಓದುವವರು ಈ ತಂದೆಮಕ್ಕಳನ್ನು ಒಟ್ಟಿಗೆ ನೆನೆಯಬಹುದು: ತಂದೆ ಹೊರಗಿನ ಗ್ರಂಥವನ್ನು ಕನ್ನಡದೊಳಕ್ಕೆ ತರಲು ಹೆಣಗಿದನು, ಮಗ ಕನ್ನಡದ ಕಲ್ಲುಗಳನ್ನು ಜಗತ್ತಿಗೆ ಓದಿ ಹೇಳಿದನು.

ಈಗ ಗಂಜಾಮಿಗೆ ಬರೋಣ. ಆಬೆ ದುಬಾಯ್ ಎಂದು ನಮ್ಮ ಚರಿತ್ರೆಯ ಪುಸ್ತಕಗಳು ಕರೆಯುವ ಆ ಫ್ರೆಂಚ್ ಪಾದ್ರಿಯು, ತನ್ನ ದೇಶದಲ್ಲಿ ಕ್ರಾಂತಿಯ ಜ್ವಾಲೆ ಎದ್ದಿದ್ದ 1792ರಲ್ಲಿ, ಹಡಗು ಹತ್ತಿ ಭಾರತಕ್ಕೆ ಬಂದವನು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸುವ ಭಾರ ಅವನ ಮೇಲೆ ಬಿತ್ತು. ಗಂಜಾಮಿನಲ್ಲಿ ಗುಡಿ ಕಟ್ಟಿಕೊಂಡನು. ಈ ನೆಲದ ಉಡುಪನ್ನು ಉಟ್ಟನು, ಊಟದಲ್ಲಿಯೂ ಆಚಾರದಲ್ಲಿಯೂ ಈ ನೆಲದವನಂತೆ ನಡೆದನು; ಜನ ಅವನನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಸಿಡುಬಿಗೆ ಜೆನ್ನರನ ಲಸಿಕೆ ಹೊಸದಾಗಿ ಬಂದಿದ್ದಾಗ, 1803-04ರ ಸುಮಾರಿನಲ್ಲಿ, ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಜನಕ್ಕೆ ಅದನ್ನು ಹಾಕಿಸಿದ ಹೊಣೆಗಾರ ಇವನು. ಔಷಧದ ಪೆಟ್ಟಿಗೆಯನ್ನೂ ಕಥೆಯ ಕಾಗದವನ್ನೂ ಒಂದೇ ಕೈಯಲ್ಲಿ ಹಿಡಿದ ಡಾ. ಬೆಸಗರಹಳ್ಳಿ ರಾಮಣ್ಣನವರನ್ನು ಕೊಟ್ಟ ಊರಿನವನಾದುದರಿಂದ ನನಗೆ ಈ ಅಂಶದ ಮೇಲೆ ಕೊಂಚ ಪಕ್ಷಪಾತ. ರಾಮಣ್ಣನವರು ಇದ್ದಿದ್ದರೆ ಸೂಜಿ ಹಿಡಿದ ಈ ಪಾದ್ರಿಯನ್ನು ಕಥೆಯೊಳಕ್ಕೆ ಎಳೆದುಕೊಳ್ಳದೆ ಬಿಡುತ್ತಿರಲಿಲ್ಲವೆಂದು ಊಹಿಸಲು ಅಡ್ಡಿಯೇನು?

ಹಿಂದೂಗಳ ಆಚಾರ ವಿಚಾರಗಳನ್ನು ಕುರಿತು ದುಬಾಯ್ ಸಲ್ಲಿಸಿದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ಮೆಚ್ಚಿದನು. ಕಂಪನಿಯ ಸರ್ಕಾರವು ಅದನ್ನು 2,000 ಪಗೋಡಗಳಿಗೆ ಕೊಂಡುಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು. ಕೀರ್ತಿಯ ಶಿಖರದಲ್ಲಿದ್ದ ಈ ಮನುಷ್ಯನು 1823ರಲ್ಲಿ ಭಾರತವನ್ನು ಬಿಟ್ಟು ಹೊರಟನು. ಅದೇ ವರ್ಷ ಲಂಡನ್ನಿನಲ್ಲಿ, ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳನ್ನು ಪ್ರಕಟಿಸಿದನು. ಪಾದ್ರಿಯಾದವನು ಬರೆಯಬಾರದ ಮಾತುಗಳೆಲ್ಲ ಅದರಲ್ಲಿದ್ದುವು. ಇಷ್ಟು ವರ್ಷ ದುಡಿದು ತಾನು ಮತಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ. ಅವರಲ್ಲಿ ಬಹುಪಾಲು ಜನ ಬಂದದ್ದು ಬಡತನದ ಒತ್ತಡದಿಂದ. ಬೈಬಲ್ಲನ್ನು ಹಾಗೆಯೇ ದೇಶಭಾಷೆಗೆ ತಿರುಗಿಸಿ ಹಂಚಿದರೆ ಜನ ಒಲಿಯುವುದಿರಲಿ, ಹೇಸಿ ದೂರ ಸರಿದಾರು. ಮೆರವಣಿಗೆ ವಾದ್ಯಗಳಿಗೆ ಮನಸೋಲುವ ಈ ಜನದ ಮುಂದೆ ಪ್ರಾಟೆಸ್ಟಂಟರ ಶುಷ್ಕವಾದ ಉಪದೇಶ ಫಲಿಸದು. ಇವೇ ಮೊದಲಾದ ಮಾತುಗಳು ಇಂಗ್ಲೆಂಡಿನ ಭಕ್ತವರ್ಗವನ್ನು ಕೆರಳಿಸಿದುವು. ಮದರಾಸಿನಲ್ಲಿ ಧರ್ಮಾಧಿಕಾರಿಯಾಗಿದ್ದ ಜೇಮ್ಸ್ ಹಫ್, ಬಂಗಾಳದ ಮಿಷನರಿ ಹೆನ್ರಿ ಟೌನ್ಲಿ ಇಬ್ಬರೂ 1824ರಲ್ಲಿ ಒಂದೊಂದು ಖಂಡನಗ್ರಂಥವನ್ನೇ ಬರೆದರು. ಈ ಹೊತ್ತಿಗೆ ಹ್ಯಾಂಡ್ಸನು ಬಳ್ಳಾರಿಯ ಬಿಸಿಲಿನಲ್ಲಿ ಪುಟದ ಮೇಲೆ ಪುಟ ತಿರುವುತ್ತಿದ್ದನೆಂಬುದನ್ನು ನೆನೆದರೆ, ನಾಟಕದ ಎರಡು ಪಾರ್ಶ್ವಗಳೂ ತಾವಾಗಿಯೇ ಸಿದ್ಧವಾಗುವುವು.

ಆ ಪತ್ರಗಳಲ್ಲಿ ದುಬಾಯ್ ತಾನೇ ಹೇಳಿಕೊಂಡ ಪ್ರಸಂಗವೊಂದುಂಟು. ಅದನ್ನು ರಂಗಕ್ಕೆ ತರಲು ನಾಟಕಕಾರನು ಬೆವರಬೇಕಾದುದಿಲ್ಲ. ಮನೆಬಿಟ್ಟು ಹೋಗಿ ಹಣವನ್ನೆಲ್ಲ ಹಾಳುಮಾಡಿ ಮರಳಿಬಂದ ಮಗನ ಸಾಮತಿಯನ್ನು ಅವನು ಒಂದು ದಿನ ಸಭೆಗೆ ವಿವರಿಸಿದನು. ಮಗ ಬಂದ ಸಂತೋಷಕ್ಕೆ ತಂದೆಯು ಕೊಬ್ಬಿದ ಕರುವನ್ನು ಕೊಯ್ಯಿಸುವನಷ್ಟೆ. ಪೂಜೆ ಮುಗಿದ ಬಳಿಕ ಸಭೆಯವರಲ್ಲಿ ಕೆಲವರು ಅವನ ಬಳಿ ಬಂದು, ಕರುವಿನ ಮಾತು ಎತ್ತಿದ್ದು ಚೆನ್ನಾಗಲಿಲ್ಲವೆಂದೂ, ಹಿಂದೂಗಳು ಯಾರಾದರೂ ಕೇಳಿದ್ದರೆ ನಮ್ಮ ಮತವನ್ನೇ ಹೀನವೆಂದು ಎಣಿಸುತ್ತಿದ್ದರೆಂದೂ ಹೇಳಿ, ಮುಂದೆ ಈ ಕಥೆಯನ್ನು ಹೇಳುವುದಾದರೆ ಕರುವಿನ ಬದಲು ಕುರಿಮರಿಯೆನ್ನಬೇಕೆಂದು ಬುದ್ಧಿ ಹೇಳಿದರು. ಗಮನಿಸಬೇಕಾದದ್ದೆಂದರೆ, ಹೀಗೆ ಹೇಳಿದವರು ಪರಮತದವರಲ್ಲ, ಅವನದೇ ಸಭೆಯ ಕ್ರೈಸ್ತರು. ಬಳ್ಳಾರಿಯ ಹ್ಯಾಂಡ್ಸನಿಗೆ ಈ ಮಾತು ತಲಪಿದ್ದರೆ ಮೂಲದಲ್ಲಿರುವುದನ್ನು ಬದಲಾಯಿಸುವ ಅಧಿಕಾರ ನಿನಗೆ ಕೊಟ್ಟವರಾರು ಎಂದು ಕೇಳುತ್ತಿದ್ದನು. ಗಂಜಾಮಿನ ದೊಡ್ಡಸ್ವಾಮಿ, ಕೇಳುವವರು ಎದ್ದುಹೋದ ಮೇಲೆ ನಿನ್ನ ಮೂಲವನ್ನು ಯಾರಿಗೆ ಓದುವೆಯೆಂದು ಮರುಪ್ರಶ್ನೆ ಹಾಕುತ್ತಿದ್ದನು. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಕರ್ಣ ಕೃಷ್ಣರ ಸಂವಾದವನ್ನು ಬೆಳಗಿನ ಜಾವದವರೆಗೂ ಕಣ್ಣು ಮುಚ್ಚದೆ ಕೇಳಬಲ್ಲ ನಮ್ಮ ಪ್ರೇಕ್ಷಕನಿಗೆ ಈ ವಾದ ಕಬ್ಬಿಣದ ಕಡಲೆಯಾಗದು.

ಒಂದು ಆಕ್ಷೇಪಣೆಯನ್ನು ಇಲ್ಲಿಯೇ ಎದುರಿಸತಕ್ಕದ್ದು. ಪಾದ್ರಿಯ ನಾಟಕವೆಂದರೆ ಮತಪ್ರಚಾರವೆಂದು ಹುಬ್ಬು ಗಂಟಿಕ್ಕುವವರು ಇಂದು ಮೊದಲಿಗಿಂತ ಹೆಚ್ಚು. ಮತಾಂತರವನ್ನು ಕುರಿತ ಕಾಯಿದೆಯು 2022ರಲ್ಲಿ ರಾಜ್ಯದಲ್ಲಿ ಬಂದ ಮೇಲಂತೂ ಸಂಶಯಕ್ಕೆ ಕಾನೂನಿನ ಉಡುಪೂ ದೊರೆತಿದೆ. ಈ ಭಯಕ್ಕೆ ಉತ್ತರವು ವಿಷಯವನ್ನು ಮುಚ್ಚಿಡುವುದರಲ್ಲಿಲ್ಲ. ಹ್ಯಾಂಡ್ಸನೂ ಬಾಸೆಲ್ ಮಿಷನ್ನಿನ ಮೋಗ್ಲಿಂಗನೂ ಕನ್ನಡದ ಮೇಲಣ ಬರಿಯ ಪ್ರೀತಿಯಿಂದ ಸಮುದ್ರ ದಾಟಿದವರಲ್ಲ, ಮತಕ್ಕೆ ಜನರನ್ನು ಸೇರಿಸಲೆಂದೇ ಬಂದವರು ಎಂಬುದನ್ನು ನಾಟಕವು ಮೊದಲ ದೃಶ್ಯದಲ್ಲಿಯೇ ಒಪ್ಪಿಕೊಳ್ಳಲಿ. ಕನ್ನಡ ಸೇವೆಯೆಂಬ ಶಾಲನ್ನು ಹೊದೆಸಿ ಅದನ್ನು ಮರೆಮಾಚುವುದು ಅವರಿಗೂ ಅಪಚಾರ, ನಮಗೂ ಮೋಸ. ದುಬಾಯಿಯಂಥ ನಾಯಕನಿದ್ದಾಗ ಈ ಪ್ರಾಮಾಣಿಕತೆ ಸುಲಭಸಾಧ್ಯ, ಏಕೆಂದರೆ ಮತಾಂತರದ ಉದ್ಯಮ ಸೋತಿತೆಂದು ಅಂದು ಬಿಚ್ಚಿ ಹೇಳಿದವನೇ ಅವನು. ಮೇಲಾಗಿ, ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕಡೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಬರೆದಾಗ ಕನ್ನಡಿಗರು ಅದನ್ನು ಕಾವ್ಯವೆಂದು ಓದಿದರೇ ಹೊರತು ಕವಿಯ ಮತವನ್ನು ವಿಚಾರಿಸಲು ಹೋಗಲಿಲ್ಲ. ಅಷ್ಟು ಔದಾರ್ಯ ನಮ್ಮ ಹಿಂದಿನವರಲ್ಲಿದ್ದಿತು. ಇಂದಿನವರಲ್ಲಿ ಇಲ್ಲವೆಂದು ಪರೀಕ್ಷಿಸದೆಯೇ ನಿರ್ಧರಿಸುವುದು ಅನ್ಯಾಯ.

ನನ್ನನ್ನು ಹೆಚ್ಚು ಕಾಡುವ ಪಾತ್ರವು ಪಾದ್ರಿಯದಲ್ಲ, ಮುನ್ಷಿಯದು. ಸಾಯಂಕಾಲ ಪಾದ್ರಿಯ ಎದುರಿಗೆ ಕುಳಿತು, ಅವನು ತಿದ್ದಿತಂದ ವಾಕ್ಯವನ್ನು ಗಟ್ಟಿಯಾಗಿ ಓದಿ, ಹೀಗೆ ಯಾರೂ ಆಡುವುದಿಲ್ಲ ಬುದ್ಧಿ, ಎಂದು ತಲೆಯಲ್ಲಾಡಿಸುವ ಆ ಸ್ಥಳೀಯ ಪಂಡಿತನಿಲ್ಲದೆ ಕನ್ನಡದ ಒಂದು ಅಧ್ಯಾಯವೂ ಸಿದ್ಧವಾಗುತ್ತಿರಲಿಲ್ಲ. ತಿಂಗಳ ಸಂಬಳಕ್ಕೆ ಪರಮತದ ಗ್ರಂಥವನ್ನು ತನ್ನ ಭಾಷೆಗೆ ಒಗ್ಗಿಸಿಕೊಟ್ಟು, ಮನೆಗೆ ಹೋಗಿ ಮಡಿಯುಟ್ಟು ತನ್ನ ದೇವರ ಪೂಜೆಗೆ ಕುಳಿತುಕೊಳ್ಳುವ ಅವನೊಳಗೆ ನಡೆದ ಮಂಥನಕ್ಕಿಂತ ಹೆಚ್ಚಿನ ನಾಟಕ ಎಲ್ಲಿದೆ? ಮಂಗಳೂರಿನ ಆನಂದರಾವ್ ಕೌಂಡಿನ್ಯರು 1844ರಲ್ಲಿ ಕ್ರೈಸ್ತರಾದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಅವರ ಹೆಸರು ಚರಿತ್ರೆಯಲ್ಲಿ ನಿಂತಿತು. ಮತವನ್ನು ಬಿಡದೆಯೇ ಭಾಷೆಯನ್ನು ಕೊಟ್ಟವರ ಹೆಸರಿಗೆ ಆ ಭಾಗ್ಯ ದೊರೆಯಲಿಲ್ಲ. ಮೋಗ್ಲಿಂಗನು ‘ಬಿಬ್ಲಿಯೊಥೆಕಾ ಕರ್ನಾಟಿಕ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದಾಗ, ಅವುಗಳ ರುಚಿಯನ್ನು ಅವನ ನಾಲಗೆಗೆ ಹಚ್ಚಿದವರು ಇಂಥವರೇ ಅಲ್ಲವೆ? ಆದುದರಿಂದ ನಾಟಕದಲ್ಲಿ ಮುನ್ಷಿಗೆ ದೊಡ್ಡಸ್ವಾಮಿಯಷ್ಟೇ ಪದ್ಯಗಳಿರಲಿ; ಬೇಕಾದರೆ ಎರಡು ಹೆಚ್ಚಿರಲಿ.

ನಾಯಕನನ್ನು ದೇವತೆಯನ್ನಾಗಿಸುವ ಆಸೆ ನಾಟಕಕಾರನಿಗೆ ಬಂದರೆ, ಅದಕ್ಕೂ ಮದ್ದುಂಟು. ದುಬಾಯಿಯ ಮಹಾಗ್ರಂಥದ ಬಹುಭಾಗವು ಅವನಿಗಿಂತ ಮುಂಚೆ ದಕ್ಷಿಣ ಭಾರತದಲ್ಲಿದ್ದ ಕೋರ್ದೂ ಎಂಬ ಜೆಸುಯಿಟ್ ಪಾದ್ರಿಯ ಬರೆಹದಿಂದ ಬಂದದ್ದೆಂದು ಫ್ರೆಂಚ್ ಸಂಶೋಧಕಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಎರಡು ಸಾವಿರ ಪಗೋಡಗಳ ಆ ಹಸ್ತಪ್ರತಿಯನ್ನು ಅಧಿಕಾರಿಯ ಕೈಗಿಡುವ ಗಳಿಗೆಯಲ್ಲಿ ದೊಡ್ಡಸ್ವಾಮಿಯ ಮುಖ ಹೇಗಿದ್ದಿತೆಂಬುದನ್ನು ಒಳ್ಳೆಯ ನಟನೊಬ್ಬನು ಮಾತಿಲ್ಲದೆಯೇ ತೋರಿಸಬಲ್ಲನು. ಲಸಿಕೆ ಹಾಕಿಸಿ ಸಾವಿರಾರು ಮಕ್ಕಳನ್ನು ಉಳಿಸಿದವನೂ ಇವನೇ, ಪರರ ಬರೆಹವನ್ನು ತನ್ನದೆಂದು ಮಾರಿದವನೂ ಇವನೇ. ನಮ್ಮ ಜನ ದುರ್ಯೋಧನನನ್ನು ಪ್ರೀತಿಸುವುದು ಅವನ ಛಲಕ್ಕಾಗಿ, ಅವನ ತಪ್ಪುಗಳನ್ನೆಲ್ಲ ಬಲ್ಲವರಾಗಿಯೇ. ಅವರಿಗೆ ಕಳಂಕವಿಲ್ಲದ ನಾಯಕನು ಬೇಕಾಗಿಲ್ಲ.

ಕೊನೆಯ ಅಂಕ ಪ್ಯಾರಿಸ್ಸಿನಲ್ಲಿ ನಡೆಯಬೇಕು. ಊರಿಗೆ ಮರಳಿ ಧರ್ಮಪ್ರಚಾರಕರ ವಿದ್ಯಾಲಯದಲ್ಲಿ ನೆಲೆಸಿದ ದುಬಾಯ್ 1826ರಲ್ಲಿ ಒಂದು ಪುಸ್ತಕವನ್ನು ಹೊರತಂದನು. ಅದು ಪಂಚತಂತ್ರದ ಫ್ರೆಂಚ್ ಅನುವಾದ. ತಮಿಳು, ತೆಲುಗು, ಕನ್ನಡದ ಪ್ರತಿಗಳನ್ನು ಮುಂದಿಟ್ಟುಕೊಂಡು ಮಾಡಿದ್ದು. ಒಂದು ಜನದ ಗ್ರಂಥ ಇನ್ನೊಂದು ಜನದ ಭಾಷೆಗೆ ಒಗ್ಗಲಾರದೆಂದು ಮೂರು ವರ್ಷದ ಹಿಂದೆಯಷ್ಟೇ ಲೋಕಕ್ಕೆ ಸಾರಿದ್ದವನು, ದಮನಕ ಕರಟಕರನ್ನು ಫ್ರೆಂಚ್ ಮಾತನಾಡಿಸುತ್ತ ಕುಳಿತಿದ್ದನು! ಧರ್ಮಗ್ರಂಥ ಬೇರೆ, ನೀತಿಕಥೆ ಬೇರೆ ಎಂದು ಅವನು ಸಮಾಧಾನ ಹೇಳಿಯಾನು. ಆ ಸಮಾಧಾನವನ್ನು ಮುನ್ಷಿಯ ಎದುರಿನಲ್ಲಿ ಅವನ ಬಾಯಿಂದ ಹೇಳಿಸಬೇಕು. ಮುನ್ಷಿ ಏನು ಉತ್ತರ ಕೊಡುವನೆಂಬುದನ್ನು ನಾಟಕಕಾರನ ಸಾಮರ್ಥ್ಯಕ್ಕೆ ಬಿಟ್ಟಿದ್ದೇನೆ. ಮುನ್ಷಿಯನ್ನು ಪ್ಯಾರಿಸ್ಸಿಗೆ ಕರೆದೊಯ್ಯುವುದು ಹೇಗೆಂದು ಕೇಳುವವರು, ನಮ್ಮ ರಂಗದ ಮೇಲೆ ನಾರದನು ದಿನವೂ ಮೂರು ಲೋಕ ಸುತ್ತುವುದನ್ನು ನೆನಪು ಮಾ‌ಡಿಕೊಳ್ಳಲಿ. ಸೀನರಿಯ ಚಿಂತೆಯೂ ಬೇಡ: ದರ್ಬಾರಿನ ಪರದೆಯೊಂದು, ಬೀದಿಯ ಪರದೆಯೊಂದು ಇದ್ದರೆ ಗಂಜಾಮಿಗೂ ಬಳ್ಳಾರಿಗೂ ಸಾಕು, ಕಾಡಿನ ಪರದೆ ಪಂಚತಂತ್ರಕ್ಕೆ ಆದೀತು. ತೊಡಕು ಬರುವುದು ಪಾರ್ಟಿನ ಹಂಚಿಕೆಯಲ್ಲಿ ಮಾತ್ರ. ದೊಡ್ಡಸ್ವಾಮಿಯ ಪಾರ್ಟಿಗೆ ಹೆಚ್ಚು ಹಣ ಹಾಕುವವರು ಸಿಕ್ಕೇ ಸಿಗುವರು, ಬಿಳಿಯ ನಿಲುವಂಗಿಯ ಆಕರ್ಷಣೆ ಸಾಮಾನ್ಯವಲ್ಲ. ಹ್ಯಾಂಡ್ಸನ ಪಾರ್ಟನ್ನು ಆ ಹಣ ಹಾಕಿದವನ ಮೈದುನನಿಗೆ ಕೊಟ್ಟರೂ ನಡೆದೀತು. ಮುನ್ಷಿಯ ಪಾರ್ಟನ್ನು ಮಾತ್ರ ಹಣ ನೋಡದೆ ಕಂಠ ನೋಡಿ ಕೊಡತಕ್ಕದ್ದೆಂದು ಮೇಷ್ಟ್ರು ಮೊದಲ ದಿನವೇ ಕಟ್ಟುನಿಟ್ಟು ಮಾಡಬೇಕು.